ಫ್ರಾನ್ಸ್‌ನ ಹಳ್ಳಿಯಲ್ಲಿ ಒಂದು ವಾರಕ್ಕೆ ಮನೆ: ಮುಂಗಡ ಕಟ್ಟುವ ಮೊದಲು

ಪ್ರಶ್ನೆ: ನಾನು ಮತ್ತು ನನ್ನ ಹೆಂಡತಿ ಮೈಸೂರಿನಲ್ಲಿದ್ದೇವೆ, ಇಬ್ಬರೂ ನಿವೃತ್ತರು. ಮಗ, ಸೊಸೆ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿದ್ದಾರೆ. ಮೊಮ್ಮಕ್ಕಳಿಗೆ ಆರು ಮತ್ತು ಮೂರು ವರ್ಷ. ಮುಂದಿನ ವರ್ಷ ಐದು ವಾರ ಅವರ ಹತ್ತಿರ ಹೋಗುತ್ತಿದ್ದೇವೆ, ನಮ್ಮ ಬೀಗರೂ ಜೊತೆಗೆ ಬರುತ್ತಾರೆ. ಅದರಲ್ಲಿ ಒಂದು ವಾರ ಎಂಟೂ ಜನ ಫ್ರಾನ್ಸ್‌ನ ದೊರ್ದೋನ್ ಸೀಮೆಯಲ್ಲಿ ಹಳೇ ಕಲ್ಲಿನ ಮನೆ ಬಾಡಿಗೆಗೆ ಹಿಡಿದು ಇರೋಣ ಅಂತ ಮಗ ಹೇಳುತ್ತಿದ್ದಾನೆ. ಜೂನ್ ಅಂದುಕೊಂಡಿದ್ದೇವೆ. ಎಲ್ಲರೂ ಸಸ್ಯಾಹಾರಿಗಳು, ಹೆಂಡತಿಗೆ ಮಂಡಿ ನೋವಿದೆ. ಫೋಟೋದಲ್ಲಿ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಹೇಗೆ ಆರಿಸುವುದು? ದುಡ್ಡು ಮೊದಲು ಕಟ್ಟುವುದೋ, ವೀಸಾ ಮೊದಲೋ?

ಉತ್ತರ: ನಿಮ್ಮ ಮಗ ಒಳ್ಳೆಯ ಜಾಗವನ್ನೇ ಹೇಳಿದ್ದಾರೆ. ಮೂರು ತಲೆಮಾರಿನವರು ಒಟ್ಟಿಗೆ ಹೊರಟಾಗ ದಿನಕ್ಕೊಂದು ಊರು, ದಿನಕ್ಕೊಂದು ಹೋಟೆಲ್ ಅಂತ ಓಡಾಡಿದರೆ ದೊಡ್ಡವರಿಗೆ ಸುಸ್ತು, ಮಕ್ಕಳಿಗೆ ಹಟ. ಒಂದೇ ಮನೆಯಲ್ಲಿ ಬೀಡುಬಿಟ್ಟು, ಬೆಳಿಗ್ಗೆ ಒಂದು ಜಾಗ ನೋಡಿ, ಮಧ್ಯಾಹ್ನದ ಊಟಕ್ಕೆ ವಾಪಸ್ ಬರುವ ಪ್ರವಾಸಕ್ಕೆ ದೊರ್ದೋನ್ ಹೇಳಿ ಮಾಡಿಸಿದ ಸೀಮೆ. ಆದರೆ ಮನೆ ಆರಿಸುವಾಗ ಇಬ್ಬರನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ: ಮಂಡಿ ನೋವಿರುವ ನಿಮ್ಮ ಮನೆಯವರು ಮತ್ತು ಮೂರು ವರ್ಷದ ಮಗು. ಅವರಿಬ್ಬರಿಗೆ ಒಗ್ಗುವ ಮನೆ ಉಳಿದ ಆರು ಜನಕ್ಕೂ ಒಗ್ಗುತ್ತದೆ. ಫೋಟೋದಲ್ಲಿ ಕಾಣುವ ನೀಲಿ ಬಾಗಿಲು, ಗುಲಾಬಿ ಬಳ್ಳಿ ಎಲ್ಲ ಆಮೇಲೆ.

ಮೊದಲು ತಾರೀಖಿನ ವಿಷಯ ಹೇಳಿಬಿಡುತ್ತೇನೆ. ನಿಮ್ಮ ಜೂನ್ ಯೋಜನೆ ಕೂಡಿಬರುವುದು ಕಷ್ಟ. ನೆದರ್‌ಲ್ಯಾಂಡ್ಸ್‌ನಲ್ಲಿ ಮಗುವಿಗೆ ಐದು ವರ್ಷ ತುಂಬಿದ ಮೇಲೆ ಶಾಲೆ ಕಡ್ಡಾಯ. ಶಾಲೆಯ ರಜೆ ಬಿಟ್ಟು ಬೇರೆ ದಿನಗಳಲ್ಲಿ ಸುಮ್ನೆ ಪ್ರವಾಸಕ್ಕೆ ಅಂತ ರಜೆ ಕೊಡುವುದಿಲ್ಲ, ಹಾಗೇ ಕರೆದುಕೊಂಡು ಹೋದರೆ ತಂದೆ ತಾಯಿಗೆ ದಂಡ ಬೀಳುತ್ತದೆ. ಆರು ವರ್ಷದ ಮೊಮ್ಮಗುವಿಗೆ ಈ ನಿಯಮ ಅನ್ವಯಿಸುತ್ತದೆ. ಹಾಗಾಗಿ ನಿಮಗೆ ಉಳಿಯುವುದು ಮೂರು ಕಾಲ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ತನಕ ಬರುವ ಮೇ ರಜೆ, ಬೇಸಿಗೆ ರಜೆ, ಅಕ್ಟೋಬರ್‌ನ ಒಂದು ವಾರದ ರಜೆ. ಬೇಸಿಗೆ ರಜೆ ಅಲ್ಲಿ ಮೂರು ವಲಯಗಳಿಗೆ ಬೇರೆ ಬೇರೆ ದಿನ ಶುರುವಾಗುತ್ತದೆ, ಐಂಡ್‌ಹೋವನ್ ದಕ್ಷಿಣ ವಲಯಕ್ಕೆ ಸೇರಿದ್ದು. ತಾರೀಖನ್ನು ಶಾಲೆಯಿಂದಲೇ ಕೇಳಿ ತಿಳಿದುಕೊಳ್ಳಲಿ.

ನನ್ನ ಸಲಹೆ ಮೇ ರಜೆ. ಜುಲೈ, ಆಗಸ್ಟ್‌ನಲ್ಲಿ ಅರ್ಧ ಯುರೋಪೇ ಅಲ್ಲಿಗೆ ಬಂದಿರುತ್ತದೆ. ಬಾಡಿಗೆಯೂ ವರ್ಷದಲ್ಲೇ ಜಾಸ್ತಿ. ಮನೆಗಳನ್ನು ಶನಿವಾರದಿಂದ ಶನಿವಾರಕ್ಕೆ ಮಾತ್ರ ಕೊಡುತ್ತಾರೆ. ಬಿಸಿಲೂ ಈಚಿನ ವರ್ಷಗಳಲ್ಲಿ ಕೆಲವು ದಿನ 40 ಡಿಗ್ರಿ ಮುಟ್ಟುತ್ತಿದೆ. ಮೇ ತಿಂಗಳಿನಲ್ಲಿ ಹಗಲು ಉದ್ದ, ಕಾಡೆಲ್ಲ ಹೊಸ ಹಸಿರು, ಮಾರುಕಟ್ಟೆಯಲ್ಲಿ ಆ ಸೀಮೆಯ ಸ್ಟ್ರಾಬೆರಿ ಬಂದಿರುತ್ತದೆ. ಬೆಳಿಗ್ಗೆ, ಸಂಜೆ ಒಂದು ಸ್ವೆಟರ್ ಬೇಕು, ಈಜುಕೊಳದ ನೀರು ತಣ್ಣಗಿರುತ್ತದೆ. ಅಷ್ಟು ಬಿಟ್ಟರೆ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಮೇ 1 ಮತ್ತು 8 ಫ್ರಾನ್ಸ್‌ನಲ್ಲಿ ಸರ್ಕಾರಿ ರಜೆ. ಆ ದಿನಗಳಿಗೆ ಬೇಕಾದ ಸಾಮಾನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ.

ಈಗ ಜಾಗ. ದೊರ್ದೋನ್ ಅನ್ನುವುದು ನದಿಯ ಹೆಸರೂ ಹೌದು, ಜಿಲ್ಲೆಯ ಹೆಸರೂ ಹೌದು. ಜನ ಇಂದಿಗೂ ಹಳೇ ಹೆಸರು ಪೆರಿಗೋರ್ ಅಂತಲೇ ಹೇಳುತ್ತಾರೆ. ಅದರಲ್ಲಿ ನಾಲ್ಕು ಭಾಗ: ಉತ್ತರದ ಹಸಿರು ಪೆರಿಗೋರ್, ನಡುವಿನ ಸುಣ್ಣಕಲ್ಲಿನ ಬಿಳಿ ಪೆರಿಗೋರ್, ಬೆರ್ಜರಾಕ್ ಸುತ್ತಲಿನ ದ್ರಾಕ್ಷಿತೋಟದ ನೇರಳೆ ಪೆರಿಗೋರ್, ಆಗ್ನೇಯಕ್ಕೆ ದಟ್ಟ ಓಕ್ ಕಾಡಿನ ಕಪ್ಪು ಪೆರಿಗೋರ್. ಜಾಹೀರಾತಿನಲ್ಲಿ ಬರೀ ದೊರ್ದೋನ್ ಅಂತ ಇದ್ದರೆ ಮನೆ ಈ ನಾಲ್ಕರಲ್ಲಿ ಎಲ್ಲಾದರೂ ಇರಬಹುದು. ಜನ ನೋಡಲು ಬರುವ ಕೋಟೆ, ಗುಹೆ, ಹಳೇ ಊರುಗಳು ಹೆಚ್ಚಾಗಿ ಇರುವುದು ಕಪ್ಪು ಪೆರಿಗೋರ್‌ನಲ್ಲಿ. ಸಾರ್ಲಾ, ಲೆಝೆಜಿ, ಬೆನಾಕ್ ಈ ಮೂರು ಊರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ. ಇವುಗಳ ನಡುವೆ ಅಥವಾ ಅಂಚಿನಲ್ಲಿ ಮನೆ ಸಿಕ್ಕರೆ ದಿನಾ ಅರ್ಧ ಗಂಟೆಗಿಂತ ಜಾಸ್ತಿ ಕಾರಿನಲ್ಲಿ ಕೂರಬೇಕಾಗಿಲ್ಲ.

ಸಾರ್ಲಾ ಊರೊಳಗೇ ಇರೋಣ ಅಂತ ಅನ್ನಿಸಬಹುದು. ಅಷ್ಟು ಸುಂದರವಾದ ಊರು ಅದು. ಹಳೇ ಊರುಗಳನ್ನು ಕೆಡವದೆ ಉಳಿಸಬೇಕು ಅಂತ ಫ್ರಾನ್ಸ್ 1962ರಲ್ಲಿ ಒಂದು ಕಾನೂನು ತಂದಿತು. ಅದನ್ನು ಮೊದಲು ಜಾರಿಗೆ ತಂದ ಊರುಗಳಲ್ಲಿ ಸಾರ್ಲಾ ಒಂದು. ಜೇನು ಬಣ್ಣದ ಕಲ್ಲಿನ ಬೀದಿಗಳು ಇವತ್ತಿಗೂ ಹಾಗೇ ನಿಂತಿರುವುದು ಅದರಿಂದಲೇ. ಆದರೆ ಹಳೇ ಬೀದಿಯೊಳಗೆ ಕಾರು ನಿಲ್ಲಿಸುವುದು ಕಷ್ಟ, ಮನೆಗಳು ಇಕ್ಕಟ್ಟು, ಮಲಗುವ ಕೋಣೆ ಮೂರನೇ ಮಹಡಿಯಲ್ಲಿ. ಮಂಡಿ ನೋವಿನವರಿಗೆ ಬೇಡ. ತೀರ ಒಂಟಿ ಮನೆಯೂ ಬೇಡ. ಹಾಲು ಮುಗಿದರೆ ಹದಿನೈದು ಕಿಲೋಮೀಟರ್ ಹೋಗಬೇಕಾದ ಜಾಗದಲ್ಲಿ ಒಂದು ವಾರ ಕಳೆದರೆ ಕಾರು ಓಡಿಸುವವರಿಗೆ ರಜೆಯೇ ಇರುವುದಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಒಂದೇ. ಬೆಳಿಗ್ಗೆ ಬೀಗರ ಜೊತೆ ನಡೆದುಕೊಂಡು ಹೋಗಿ ಬ್ರೆಡ್ ತರುವಷ್ಟು ಹತ್ತಿರದಲ್ಲಿ ಬೇಕರಿ ಇದೆಯಾ? ಇದ್ದರೆ ಅದು ಜೀವ ಇರುವ ಹಳ್ಳಿ. ಲೆ ಬ್ಯುಗ್ ಅಂಥದ್ದು. ವೆಜೇರ್ ನದಿ ದಂಡೆಯ ಊರು, ಅಂಗಡಿ, ಔಷಧಿ ಅಂಗಡಿ ಎಲ್ಲ ಇವೆ, ಮಂಗಳವಾರ ದೊಡ್ಡ ಸಂತೆ. ಸಾಂ ಸಿಪ್ರಿಯಾಂ ಇನ್ನೊಂದು. ರೈಲು ನಿಲ್ದಾಣ ಇದೆ, ಭಾನುವಾರ ಬೆಳಿಗ್ಗೆ ಸಂತೆ ಸೇರುತ್ತದೆ. ಆದರೆ ಅದರ ಹಳೇ ಭಾಗ ಇಳಿಜಾರಿನಲ್ಲಿದೆ, ಮನೆ ತಗ್ಗಿನಲ್ಲಿ ಇರುವುದನ್ನು ನೋಡಿ.

ವಿಳಾಸ ಸಿಕ್ಕ ಕೂಡಲೇ ಉಪಗ್ರಹ ನಕ್ಷೆಯಲ್ಲಿ ಮನೆಯ ಸುತ್ತಮುತ್ತ ನೋಡಿ. ಬಿಳಿ ಬಣ್ಣದ ಉದ್ದುದ್ದ ಶೆಡ್ಡುಗಳು ಕಂಡರೆ ಅದು ಬಾತುಕೋಳಿ ಸಾಕಣೆ ಇರಬಹುದು, ವಾಸನೆ ಬರುತ್ತದೆ. ನದಿಯ ಪಕ್ಕದಲ್ಲೇ ಹೋಗುವ ಡಿ 703 ಅನ್ನುವ ರಸ್ತೆಗೆ ಅಂಟಿಕೊಂಡ ಮನೆಯಾದರೆ ಬೇಸಿಗೆಯಲ್ಲಿ ಬೆಳಿಗ್ಗೆಯಿಂದ ರಾತ್ರಿ ತನಕ ಕಾರುಗಳ ಸದ್ದು, ಮಗು ಬಾಗಿಲು ದಾಟಿದರೆ ರಸ್ತೆ. ಮಾಲೀಕರು ನಿಖರವಾದ ಜಾಗವನ್ನು ಮುಂಗಡ ಕಟ್ಟಿದ ಮೇಲಷ್ಟೇ ಹೇಳುತ್ತೇವೆ ಅಂದರೆ, ಕೊನೇ ಪಕ್ಷ ದೊಡ್ಡ ರಸ್ತೆಯಿಂದ ಎಷ್ಟು ದೂರ, ಬೇಕರಿಗೆ ಎಷ್ಟು ದೂರ ಅಂತ ಬರವಣಿಗೆಯಲ್ಲಿ ಕೇಳಿ.

ಮನೆಯ ಒಳಗಿನ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಜನ ಎಡವುವುದು ಇಲ್ಲೇ.

ಪೆರಿಗೋರ್‌ನ ಹಳೇ ರೈತರ ಮನೆಗಳಲ್ಲಿ ಎಷ್ಟೋ ಕಡೆ ನೆಲದ ಮಟ್ಟದಲ್ಲಿ ದಾಸ್ತಾನು ಕೋಣೆ ಅಥವಾ ಕೊಟ್ಟಿಗೆ, ಜನ ವಾಸ ಮಾಡುತ್ತಿದ್ದದ್ದು ಅದರ ಮೇಲೆ. ಹೊರಗಿನಿಂದ ಕಲ್ಲಿನ ಮೆಟ್ಟಿಲು ಹತ್ತಿ ಒಳಗೆ ಹೋಗಬೇಕು. ಕೆಲವು ಮನೆಗಳಿಗೆ ಹೆಂಚಿನ ಬದಲು ಚಪ್ಪಡಿ ಕಲ್ಲಿನ ಛಾವಣಿ. ಅದಕ್ಕೆ ಲೋಜ್ ಅನ್ನುತ್ತಾರೆ. ಒಂದು ಚದರ ಮೀಟರ್‌ಗೆ ಅರ್ಧ ಟನ್ ತೂಗುವ ಛಾವಣಿ ಅದು. ಅಷ್ಟು ಭಾರ ಹೊರಲು ಗೋಡೆ ದಪ್ಪ, ಛಾವಣಿ ಕಡಿದಾದ ಇಳಿಜಾರು. ಗೋಡೆ ದಪ್ಪ ಇರುವುದರಿಂದ ನಮ್ಮ ಹಳೇ ಮಣ್ಣಿನ ಗೋಡೆಯ ಮನೆಗಳ ಹಾಗೆ ಒಳಗೆ ತಂಪು. ಅದೇ ಗೋಡೆಯಿಂದಾಗಿ ಮೊಬೈಲ್ ಸಿಗ್ನಲ್ ಒಳಗೆ ಬರುವುದಿಲ್ಲ, ವೈಫೈ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಛಾವಣಿಯ ಕೆಳಗಿನ ಅಟ್ಟವನ್ನು ಮಲಗುವ ಕೋಣೆ ಮಾಡಿರುತ್ತಾರೆ. ಅಲ್ಲಿಗೆ ಹತ್ತುವ ಮೆಟ್ಟಿಲು ಏಣಿಯಷ್ಟೇ ಕಡಿದು, ತೊಲೆ ತಲೆಗೆ ತಾಗುತ್ತದೆ.

ಆದ್ದರಿಂದ ಮಾಲೀಕರಿಗೆ ಹೀಗೆ ಬರೆಯಿರಿ: ಕಾರು ನಿಲ್ಲಿಸುವ ಜಾಗದಿಂದ ಮುಂಬಾಗಿಲಿಗೆ ಎಷ್ಟು ಮೆಟ್ಟಿಲು? ಮುಂಬಾಗಿಲು ಇರುವ ಮಟ್ಟದಲ್ಲೇ ಮಲಗುವ ಕೋಣೆ ಇದೆಯಾ? ಶೌಚಾಲಯ ಅದೇ ಮಟ್ಟದಲ್ಲಿದೆಯಾ? ಮೂರನೇ ಪ್ರಶ್ನೆಯನ್ನು ಬಿಡಬೇಡಿ. ಅಲ್ಲಿ ಸ್ನಾನದ ಕೋಣೆ ಬೇರೆ, ಶೌಚಾಲಯ ಬೇರೆ ಇರುವುದು ಮಾಮೂಲು. ಕೆಳಗೆ ಮಲಗುವ ಕೋಣೆ ಮತ್ತು ಸ್ನಾನದ ಕೋಣೆ ಎರಡೂ ಇದೆ ಅಂತ ಖುಷಿಯಾಗಿ ಬುಕ್ ಮಾಡಿ, ಶೌಚಾಲಯ ಮಾತ್ರ ಮಹಡಿ ಮೇಲೆ ಅಂತ ರಾತ್ರಿ ಎರಡು ಗಂಟೆಗೆ ಗೊತ್ತಾದರೆ ಮಂಡಿ ನೋವಿನವರ ಗತಿ ಏನು? ಮೆಟ್ಟಿಲಿನ ಫೋಟೋ ಕಳಿಸಿ ಅಂತಲೂ ಕೇಳಿ. ಮೆಟ್ಟಿಲಿನ ಫೋಟೋ ಜಾಹೀರಾತಿನಲ್ಲಿ ಇರುವುದೇ ಅಪರೂಪ. ಕೇಳಿದರೆ ಒಳ್ಳೆಯ ಮಾಲೀಕರು ಆ ದಿನವೇ ಕಳಿಸುತ್ತಾರೆ. ಅವರು ಎಂಥವರು ಅಂತಲೂ ಅದರಿಂದಲೇ ಗೊತ್ತಾಗುತ್ತದೆ.

ಎಂಟು ಜನರ ಮನೆ ಅಂತ ಬರೆದಿದ್ದರೆ ನಾಲ್ಕು ಕೋಣೆ ಇದೆ ಅಂದುಕೊಳ್ಳಬೇಡಿ. ಹಜಾರದ ಸೋಫಾವನ್ನು ರಾತ್ರಿ ಹಾಸಿಗೆ ಮಾಡಿ ಇಬ್ಬರನ್ನು ಲೆಕ್ಕಕ್ಕೆ ಸೇರಿಸಿರುತ್ತಾರೆ. ಅಲ್ಲಿನ ಹಳೇ ಡಬಲ್ ಮಂಚದ ಅಗಲ 140 ಸೆಂಟಿಮೀಟರ್ ಅಷ್ಟೇ. ನಿಮಗೂ ಬೀಗರಿಗೂ 160ರ ಮಂಚ ಅಥವಾ ಬೇರೆ ಬೇರೆ ಎರಡು ಒಂಟಿ ಮಂಚ ಇರುವ ಕೋಣೆ ಕೇಳಿ. ಶೌಚಾಲಯದಲ್ಲಿ ನೀರಿನ ಪೈಪು ಇರುವುದಿಲ್ಲ, ಒಂದು ಚೊಂಬು ಹಾಕಿಕೊಂಡು ಹೋಗಿ. ಹಳ್ಳಿಗಳಲ್ಲಿ ಒಳಚರಂಡಿ ಇಲ್ಲದ ಕಡೆ ಮನೆಗೆ ಸ್ವಂತ ಗುಂಡಿ ಇರುತ್ತದೆ. ಮಗುವಿನ ಒದ್ದೆ ಟಿಶ್ಯೂ, ಕರಿದ ಎಣ್ಣೆ ಎರಡನ್ನೂ ಅದಕ್ಕೆ ಬಿಡಬಾರದು.

ಈಜುಕೊಳ ಇರುವ ಮನೆ ನೋಡುತ್ತಿದ್ದರೆ ಇದನ್ನು ಗಮನಿಸಿ. ಫ್ರಾನ್ಸ್‌ನಲ್ಲಿ 2003ರ ಜನವರಿಯ ಕಾನೂನಿನ ಪ್ರಕಾರ ನೆಲದಲ್ಲಿ ತೋಡಿದ ಖಾಸಗಿ ಈಜುಕೊಳಕ್ಕೆ ನಾಲ್ಕರಲ್ಲಿ ಒಂದು ರಕ್ಷಣೆ ಇರಲೇಬೇಕು: ಬೇಲಿ, ಅಲಾರಂ, ಗಟ್ಟಿ ಹೊದಿಕೆ ಅಥವಾ ಮುಚ್ಚುವ ಮಾಡು. ಕಾನೂನಿನ ಕಣ್ಣಿಗೆ ನಾಲ್ಕೂ ಒಂದೇ. ಮೂರು ವರ್ಷದ ಮಗುವಿಗೆ ಒಂದೇ ಅಲ್ಲ. ಅಲಾರಂ ಹೊಡೆದುಕೊಳ್ಳುವುದು ಮಗು ನೀರಿಗೆ ಬಿದ್ದ ಮೇಲೆ. ಹೊದಿಕೆಯನ್ನು ಯಾರಾದರೂ ತೆಗೆದು ಮರೆತರೆ ರಕ್ಷಣೆ ಇಲ್ಲ. ತಾನಾಗಿ ಮುಚ್ಚಿಕೊಳ್ಳುವ ಗೇಟು ಇರುವ, 1.10 ಮೀಟರ್‌ಗೆ ಕಡಿಮೆ ಇಲ್ಲದ ಬೇಲಿ ಮಾತ್ರ ದಿನವಿಡೀ ಕೆಲಸ ಮಾಡುತ್ತದೆ. ನೆಲದ ಮೇಲೆ ಇಟ್ಟ ಪ್ಲಾಸ್ಟಿಕ್ ಕೊಳಗಳಿಗೆ ಈ ಕಾನೂನು ಅನ್ವಯಿಸುವುದೇ ಇಲ್ಲ. ಬೇಲಿ ಇಲ್ಲದಿದ್ದರೆ ಈಜುಕೊಳ ಇರುವ ಮನೆಯೇ ಬೇಡ. ಮೇ ತಿಂಗಳಿನಲ್ಲಂತೂ ಅದು ನಿಮಗೆ ಉಪಯೋಗಕ್ಕೂ ಬರುವುದಿಲ್ಲ. ಬೇಲಿ ಇದ್ದರೂ ಒಬ್ಬರು ದೊಡ್ಡವರು ಅಲ್ಲೇ ಕೂತಿರಬೇಕು.

ಕಡೆಗೆ ಬೇಸಿಗೆ ರಜೆಯಲ್ಲೇ ಹೋಗುವುದಾದರೆ ಎಸಿ ಇದೆಯಾ ಅಂತ ಕೇಳಿ, ಆದರೆ ಜಾಸ್ತಿ ನಿರೀಕ್ಷೆ ಬೇಡ. ಪಾರಂಪರಿಕ ಪ್ರದೇಶಗಳಲ್ಲಿ ಹೊರಗೋಡೆಗೆ ಏನೇ ಹಾಕಬೇಕಾದರೂ ಸರ್ಕಾರದ ವಾಸ್ತುಶಿಲ್ಪಿಯ ಅಭಿಪ್ರಾಯ ಪಡೆಯಬೇಕು. ಹಾಗಾಗಿ ಎಷ್ಟೋ ಮಾಲೀಕರು ಎಸಿ ಗೋಜಿಗೇ ಹೋಗುವುದಿಲ್ಲ. ಅಲ್ಲಿನವರು ಮಾಡುವುದನ್ನೇ ಮಾಡಿ. ಬಿಸಿಲು ಏರುವ ಮುಂಚೆ ಕಿಟಕಿಯನ್ನೂ ಹೊರಗಿನ ಮರದ ಬಾಗಿಲುಗಳನ್ನೂ ಮುಚ್ಚಿ ಮನೆಯನ್ನು ಕತ್ತಲು ಮಾಡಿ, ರಾತ್ರಿ ತಂಪಾದ ಮೇಲೆ ಎಲ್ಲ ತೆರೆಯಿರಿ. ಕಿಟಕಿಗೆ ಸೊಳ್ಳೆ ಪರದೆ ಇರುವುದಿಲ್ಲ. ಅಕ್ಟೋಬರ್‌ನಲ್ಲಿ ಹೋದರೆ ಕಾಯಿಸುವ ಖರ್ಚು ಬಾಡಿಗೆಯಲ್ಲಿ ಸೇರಿದೆಯಾ, ಮೀಟರ್ ನೋಡಿ ಬೇರೆ ತೆಗೆದುಕೊಳ್ಳುತ್ತಾರಾ ಅಂತ ಕೇಳಬೇಕು. ಕಲ್ಲಿನ ಮನೆ ಬೆಚ್ಚಗಾಗಲು ಹೊತ್ತು ಹಿಡಿಯುತ್ತದೆ, ಬಿಲ್ಲೂ ಬೆಳೆಯುತ್ತದೆ.

ಇನ್ನು ಊಟ. ನೀವು ಹೋಟೆಲ್ ಬಿಟ್ಟು ಮನೆ ಹಿಡಿಯಬೇಕು ಅನ್ನುವುದಕ್ಕೆ ನನ್ನ ದೊಡ್ಡ ಕಾರಣವೇ ಇದು. ಪೆರಿಗೋರ್ ಅಂದರೆ ಬಾತುಕೋಳಿ ಮತ್ತು ಹೆಬ್ಬಾತಿನ ಸೀಮೆ. ಅಡುಗೆಗೆ ಅವುಗಳ ಕೊಬ್ಬನ್ನೇ ಎಣ್ಣೆಯ ಹಾಗೆ ಬಳಸುವುದು ಅಲ್ಲಿನ ರೂಢಿ. ಹೋಟೆಲಿನ ಪಟ್ಟಿಯಲ್ಲಿ ಪೊಮ್ ಸಾರ್ಲಾದೇಜ್ ಅಂತ ಕಾಣುತ್ತದೆ. ಬೆಳ್ಳುಳ್ಳಿ, ಸೊಪ್ಪು ಹಾಕಿ ಹುರಿದ ಆಲೂಗಡ್ಡೆ. ನೋಡಲು ಸಸ್ಯಾಹಾರ, ಹುರಿದಿರುವುದು ಬಾತುಕೋಳಿ ಕೊಬ್ಬಿನಲ್ಲಿ. ಬೆಳ್ಳುಳ್ಳಿ ಸೂಪ್ ತೂರಾಂ ಕೂಡ ಹಾಗೇ. ಮಾಂಸ ಇಲ್ಲ ತಾನೇ ಅಂತ ಕೇಳಿದರೆ ಇಲ್ಲ ಅಂತಲೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಕೊಬ್ಬನ್ನು ಅವರು ಮಾಂಸ ಅಂತ ಎಣಿಸುವುದಿಲ್ಲ. ಯಾವುದರಲ್ಲಿ ಹುರಿದಿದ್ದೀರಿ ಅಂತ ಕೇಳಬೇಕು. ಚೀಸ್ ವಿಷಯದಲ್ಲೂ ಹಾಗೇ. ಸಾಂಪ್ರದಾಯಿಕ ಚೀಸ್‌ಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ. ಕಟ್ಟುನಿಟ್ಟಿನವರಿದ್ದರೆ ಅದೂ ಗೊತ್ತಿರಲಿ.

ಆದರೆ ಅದೇ ಸೀಮೆಯ ಸಂತೆ ಸಸ್ಯಾಹಾರಿಗೆ ಹಬ್ಬ. ಸಾರ್ಲಾದಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ಹಳೇ ಸಾಂತ್ ಮರಿ ಚರ್ಚಿನ ಕಟ್ಟಡವೇ ಈಗ ಒಳಾಂಗಣ ಮಾರುಕಟ್ಟೆ. ಅದಕ್ಕೆ ವಾಸ್ತುಶಿಲ್ಪಿ ಝಾಂ ನುವೆಲ್ ಮಾಡಿದ ಆಳೆತ್ತರವನ್ನು ಎಷ್ಟೋ ಪಟ್ಟು ಮೀರಿದ ಲೋಹದ ಬಾಗಿಲುಗಳಿವೆ. ಬೇಗ ಹೋಗಿ, ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ. ಪೆರಿಗೋರ್‌ನ ಅಕ್ರೋಟಿಗೆ 2002ರಿಂದ ಮೂಲದ ಹೆಸರಿನ ರಕ್ಷಣೆ ಇದೆ. ಅಕ್ರೋಟು ಎಣ್ಣೆಯ ಒಂದು ಸಣ್ಣ ಸೀಸೆ ಕೊಳ್ಳಿ, ಹಸಿ ಸೊಪ್ಪು, ಟೊಮೇಟೊ ಮೇಲೆ ಹಾಕಿದರೆ ಬಹಳ ರುಚಿ. ಒಗ್ಗರಣೆಗೆ ಬೇಡ, ಕಾಯಿಸಿದರೆ ಕಹಿಯಾಗುತ್ತದೆ. ಸೂಪರ್‌ಮಾರ್ಕೆಟ್‌ನಲ್ಲಿ ಬಾಸ್ಮತಿ, ಮೊಸರು, ಕಡಲೆ ಹಿಟ್ಟು ಸಿಗುತ್ತವೆ. ಕೊರಾಯ್ ಅಂತ ಬರೆದ ಕೆಂಪು ಬೇಳೆ ನಮ್ಮ ಮಸೂರ್ ಬೇಳೆಯೇ. ತೊಗರಿಬೇಳೆ, ಸಾರಿನ ಪುಡಿ, ಹುಣಸೆ ಮಾತ್ರ ತೆಗೆದುಕೊಂಡು ಹೋಗಬೇಕು.

ಅದನ್ನು ಮೈಸೂರಿನಿಂದ ಹೊರುವುದಕ್ಕಿಂತ ಐಂಡ್‌ಹೋವನ್‌ನಲ್ಲೇ ಕೊಂಡು ಕಾರಿನಲ್ಲಿ ಇಡುವುದು ಸುಲಭ. ಭಾರತದಿಂದ ಹೋಗುವವರು ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಅಂದರೆ ತುಪ್ಪವೂ ಇಲ್ಲ, ಪೇಡಾವೂ ಇಲ್ಲ. ಹಸಿ ಕರಿಬೇವಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಒಣಗಿಸಿಕೊಂಡು ಹೋಗಿ. ತೆಂಗಿನಕಾಯಿ, ಬಾಳೆಹಣ್ಣು, ಅನಾನಸು, ಖರ್ಜೂರ, ಡುರಿಯನ್ ಈ ಐದಕ್ಕೆ ಮಾತ್ರ ಪ್ರಮಾಣಪತ್ರ ಕೇಳುವುದಿಲ್ಲ.

ಅಡುಗೆ ಒಲೆಯ ಫೋಟೋ ತರಿಸಿಕೊಳ್ಳಿ. ಇಂಡಕ್ಷನ್ ಆದರೆ ನಿಮ್ಮ ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಸ್ಟೀಲಿನ ಇಂಡಕ್ಷನ್ ತಳದ್ದು ಬೇಕು. ವಿದ್ಯುತ್ ನಮ್ಮ ಹಾಗೆಯೇ 230 ವೋಲ್ಟ್. ಆದರೆ ಮಿಕ್ಸಿಯ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಸಾಕೆಟ್‌ಗೆ ಹೋಗುವುದಿಲ್ಲ, ಅಡಾಪ್ಟರ್ ಇರಲಿ. 2015ರಿಂದ ಅಲ್ಲಿ ಪ್ರತಿ ಮನೆಯಲ್ಲೂ ಹೊಗೆ ಅಲಾರಂ ಕಡ್ಡಾಯ. ಎಣ್ಣೆ ಕಾಯಿಸಿ ಒಣ ಮೆಣಸಿನಕಾಯಿ ಹಾಕಿದ ಕೂಡಲೇ ಅದು ಕಿರುಚಿಕೊಳ್ಳಬಹುದು. ಬ್ಯಾಟರಿ ಮಾತ್ರ ತೆಗೆಯಬೇಡಿ. ಕಿಟಕಿ ತೆರೆದು, ಸಣ್ಣ ಉರಿಯಲ್ಲಿ ಒಗ್ಗರಣೆ ಮಾಡಿ.

ಶನಿವಾರ ಸಂಜೆ ಮನೆ ಸೇರಿದರೆ ಮೊದಲ ರಾತ್ರಿಯ ಊಟಕ್ಕೂ ಭಾನುವಾರಕ್ಕೂ ಬೇಕಾದ ಸಾಮಾನು ದಾರಿಯಲ್ಲೇ ಕೊಂಡುಬಿಡಿ. ಭಾನುವಾರ ಮಧ್ಯಾಹ್ನ ಹಳ್ಳಿಯ ಅಂಗಡಿಗಳು ಮುಚ್ಚಿರುತ್ತವೆ. ಬೇರೆ ದಿನಗಳಲ್ಲೂ ಸಣ್ಣ ಅಂಗಡಿಗಳಿಗೆ ಹನ್ನೆರಡರಿಂದ ಎರಡರ ತನಕ ಊಟದ ವಿರಾಮ. ಅಂಗಡಿಗೆ ಕಾಲಿಟ್ಟ ಕೂಡಲೇ ಬೋಂಜೂರ್ ಅನ್ನಿ. ಅದನ್ನು ಹೇಳದೆ ನೇರ ಬೆಲೆ ಕೇಳುವುದು ಅಲ್ಲಿ ಒರಟುತನ.

ಐಂಡ್‌ಹೋವನ್‌ನಿಂದ ಸಾರ್ಲಾ ಸಾವಿರ ಕಿಲೋಮೀಟರ್ ಹತ್ತಿರ. ಒಂದೇ ದಿನದಲ್ಲಿ ಮುಗಿಸಬೇಡಿ, ಓರ್ಲಿಯಾಂ ಆಸುಪಾಸಿನಲ್ಲಿ ಒಂದು ರಾತ್ರಿ ತಂಗಿ. ಅಲ್ಲಿಂದ ಮುಂದೆ ವಿಯೆರ್ಜಾನ್‌ನಿಂದ ಬ್ರೀವ್ ತನಕ ಎ 20 ಹೆದ್ದಾರಿಗೆ ಟೋಲ್ ಇಲ್ಲ. ಎಂಟು ಜನಕ್ಕೆ ಒಂಬತ್ತು ಸೀಟಿನ ವ್ಯಾನ್ ಸಾಕು, ಸಾಮಾನ್ಯ ಕಾರ್ ಲೈಸೆನ್ಸಿನಲ್ಲೇ ಮಗ ಓಡಿಸಬಹುದು. ಹತ್ತು ವರ್ಷದ ಒಳಗಿನ ಮಕ್ಕಳಿಗೆ ಮಕ್ಕಳ ಸೀಟು ಕಡ್ಡಾಯ. ಹಳ್ಳಿಯ ಹೆಸರಿನ ಫಲಕ ಬಂತೆಂದರೆ ಅಲ್ಲಿಂದಲೇ ವೇಗದ ಮಿತಿ 50. ಬಲಗಡೆಯಿಂದ ಬರುವ ಸಣ್ಣ ರಸ್ತೆಯವರಿಗೂ, ಬೇರೆ ಫಲಕ ಇಲ್ಲದಿದ್ದರೆ, ದಾರಿ ಬಿಡಬೇಕು.

ಒಂದು ವಾರದಲ್ಲಿ ಎಲ್ಲ ನೋಡಲು ಹೋಗಬೇಡಿ. ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆಯನ್ನು 1940ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಜನ ಹುಡುಗರು ಕಂಡುಹಿಡಿದರು. ನೋಡಲು ಬಂದವರ ಉಸಿರಿನಿಂದಲೇ ಚಿತ್ರಗಳು ಹಾಳಾಗತೊಡಗಿ 1963ರಲ್ಲಿ ಮುಚ್ಚಿದರು. ಈಗ ಮೊಂತಿನ್ಯಾಕ್‌ನಲ್ಲಿ ನೋಡುವುದು 2016ರ ಕೊನೆಯಲ್ಲಿ ತೆರೆದ ಅದರ ಪೂರ್ಣ ಪ್ರತಿಕೃತಿ. ಬಹಳ ಚೆನ್ನಾಗಿದೆ, ಟಿಕೆಟ್ ಮೊದಲೇ ಮಾಡಿಸಿ. ಆದರೆ ಒಂದೇ ಒಂದು ಗುಹೆಗೆ ಸಮಯ ಇದ್ದರೆ ನಾನು ನಿಮ್ಮನ್ನು ರುಫಿನ್ಯಾಕ್‌ಗೆ ಕಳಿಸುತ್ತೇನೆ. ಅಲ್ಲಿರುವುದು ಅಸಲಿ ಚಿತ್ರಗಳೇ, ಗೋಡೆ ಮೇಲೆಲ್ಲ ಮ್ಯಾಮತ್ ಆನೆಗಳು. ಒಳಗೆ ಹೋಗುವುದು ಪುಟ್ಟ ವಿದ್ಯುತ್ ರೈಲಿನಲ್ಲಿ, ನಿಮ್ಮ ಮನೆಯವರು ಕೂತುಕೊಂಡೇ ನೋಡಬಹುದು. ಕರಡಿಗಳು ಚಳಿಗಾಲದಲ್ಲಿ ಮಲಗಲು ನೆಲದಲ್ಲಿ ತೋಡಿಕೊಂಡ ಗುಂಡಿಗಳನ್ನು ಆರು ವರ್ಷದ ಮಗು ಮರೆಯುವುದಿಲ್ಲ. ಒಳಗೆ ತಂಪು, ಶಾಲು ಇರಲಿ.

ಕೋಟೆಗಳಲ್ಲಿ ಬೆನಾಕ್ ಮತ್ತು ಕಾಸ್ತೆಲ್ನೋ ನದಿಯ ಆಚೆ ದಡ, ಈಚೆ ದಡದಲ್ಲಿ ಎದುರುಬದುರು ನಿಂತಿವೆ. 1337ರಿಂದ 1453ರ ತನಕ ನಡೆದ ನೂರು ವರ್ಷದ ಯುದ್ಧದಲ್ಲಿ ಬೆನಾಕ್ ಫ್ರೆಂಚರ ಕಡೆ, ಕಾಸ್ತೆಲ್ನೋ ಬಹುಕಾಲ ಇಂಗ್ಲಿಷರ ಕಡೆ. ಎರಡಕ್ಕೂ ಹತ್ತುವುದು ಕಷ್ಟ. ಮಗ ಸೊಸೆ ಹತ್ತಲಿ. ನೀವು ನಾಲ್ವರು ಹಿರಿಯರು ಲಾ ರೋಕ್ ಗಜಾಕ್‌ನಿಂದ ಹೊರಡುವ ಗಬಾರ್ ದೋಣಿ ಹತ್ತಿ. ಅದು ಹಿಂದೆ ಬೋರ್ದೋ ಕಡೆಗೆ ವೈನ್, ಮರ ಸಾಗಿಸುತ್ತಿದ್ದ ಚಪ್ಪಟೆ ತಳದ ದೋಣಿ. ಹಳೇ ಊರಿನಲ್ಲಿ ಆರಾಮವಾಗಿ ಅಡ್ಡಾಡಬೇಕು ಅಂದರೆ ಮೊಂಪಾಜಿಯೇ. ಇಂಗ್ಲೆಂಡಿನ ರಾಜ ಒಂದನೇ ಎಡ್ವರ್ಡ್ 1284ರಲ್ಲಿ ಕಟ್ಟಿಸಲು ತೊಡಗಿದ ಊರು. ಬೀದಿಗಳೆಲ್ಲ ನೇರ, ಸಮತಟ್ಟು, ಚೌಕದ ಸುತ್ತ ಕಮಾನಿನ ನೆರಳು.

ಈಗ ದುಡ್ಡು ಮತ್ತು ಕರಾರು. ಝೀತ್ ದ ಫ್ರಾನ್ಸ್ ಅನ್ನುವ ಸಂಘ 1955ರಿಂದ ಹಳ್ಳಿ ಮನೆಗಳನ್ನು ಬಾಡಿಗೆಗೆ ಕೊಡಿಸುತ್ತಿದೆ. ಮನೆಯನ್ನು ಖುದ್ದು ನೋಡಿ ಒಂದರಿಂದ ಐದು ಗೋಧಿ ತೆನೆಯ ದರ್ಜೆ ಕೊಡುತ್ತದೆ. ಮೊದಲ ಸಲ ಹೋಗುವವರು ಇಂಥ ಕಡೆ ಅಥವಾ ಸ್ಥಳೀಯ ಪ್ರವಾಸಿ ಕಚೇರಿಯ ಪಟ್ಟಿಯಿಂದ ಶುರು ಮಾಡುವುದು ಒಳ್ಳೆಯದು. ದೊಡ್ಡ ಬುಕಿಂಗ್ ಆ್ಯಪ್‌ಗಳೂ ಆಗಬಹುದು, ಆದರೆ ಹಣ ಆ್ಯಪ್‌ನಲ್ಲೇ ಕಟ್ಟಿ. ಹೊರಗೆ ನೇರವಾಗಿ ಬ್ಯಾಂಕಿಗೆ ಹಾಕಿ, ಕಡಿಮೆ ಮಾಡುತ್ತೇನೆ ಅಂದವರನ್ನು ಅಲ್ಲಿಗೇ ಬಿಟ್ಟುಬಿಡಿ. ಬೇರೆಯವರ ಮನೆಯ ಫೋಟೋ ಹಾಕಿ ಮೋಸ ಮಾಡುವವರ ದಾರಿಯೇ ಅದು. ಸ್ವಂತ ವೆಬ್‌ಸೈಟ್ ಇರುವ ಮಾಲೀಕರಾದರೆ ಬ್ಯಾಂಕ್ ಖಾತೆ ಸಂಖ್ಯೆಯ ಮೊದಲ ಎರಡು ಅಕ್ಷರ ನೋಡಿ. ಎಫ್‌ಆರ್ ಅಂದರೆ ಫ್ರಾನ್ಸ್. ಈ ಸೀಮೆಯಲ್ಲಿ ಬ್ರಿಟಿಷ್, ಡಚ್ ಮಾಲೀಕರು ಬಹಳ ಇದ್ದಾರೆ, ಹಾಗಾಗಿ ಜಿಬಿ ಅಥವಾ ಎನ್‌ಎಲ್ ಇದ್ದರೂ ತಪ್ಪಿಲ್ಲ. ಮಾಲೀಕರಿಗೂ ಮನೆಗೂ ಸಂಬಂಧವೇ ಇಲ್ಲದ ಮೂರನೇ ದೇಶದ ಖಾತೆ ಆದರೆ ದುಡ್ಡು ಕಳಿಸಬೇಡಿ. ಅನುಮಾನ ಬಂದರೆ ಆ ಊರಿನ ಪ್ರವಾಸಿ ಕಚೇರಿಗೆ ಒಂದು ಇಮೇಲ್ ಬರೆದು ವಿಚಾರಿಸಿ.

ಕರಾರಿನಲ್ಲಿ ಮುಂಗಡವನ್ನು ಏನೆಂದು ಬರೆದಿದ್ದಾರೆ ಅಂತ ಮಗ ಗಮನವಿಟ್ಟು ಓದಲಿ. ಫ್ರೆಂಚ್ ಕಾನೂನಿನಲ್ಲಿ ಎರಡು ಬಗೆ. ಆರ್ (arrhes) ಅಂತ ಬರೆದಿದ್ದರೆ, ನೀವು ರದ್ದು ಮಾಡಿದಾಗ ಹೋಗುವುದು ಆ ಮುಂಗಡ ಅಷ್ಟೇ. ಮಾಲೀಕರೇ ರದ್ದು ಮಾಡಿದರೆ ಅವರು ಎರಡರಷ್ಟು ವಾಪಸ್ ಕೊಡಬೇಕು. ಅಕೋಂತ್ (acompte) ಅಂತ ಬರೆದಿದ್ದರೆ ಇಬ್ಬರೂ ಪೂರ್ತಿ ಕರಾರಿಗೆ ಬದ್ಧರು. ನೀವು ಹೋಗದಿದ್ದರೂ ಮಾಲೀಕರು ಇಡೀ ಬಾಡಿಗೆ ಕೇಳಬಹುದು. ವೀಸಾ ಇನ್ನೂ ಕೈಗೆ ಬರದ ನಾಲ್ಕು ಜನ ಇರುವ ಗುಂಪಿಗೆ ಇದು ದೊಡ್ಡ ವ್ಯತ್ಯಾಸ, ಅಲ್ವಾ? ಆನ್‌ಲೈನ್‌ನಲ್ಲಿ ಕೊಂಡದ್ದನ್ನು ಹದಿನಾಲ್ಕು ದಿನದಲ್ಲಿ ಹಿಂದಿರುಗಿಸುವ ಹಕ್ಕು ಯುರೋಪಿನಲ್ಲಿ ಇದೆ, ಆದರೆ ತಾರೀಖು ನಿಗದಿ ಮಾಡಿದ ರಜೆ ಮನೆಗೆ ಅದು ಅನ್ವಯಿಸುವುದಿಲ್ಲ. ಬಾಡಿಗೆಯ ಜೊತೆ ಬೇರೆ ಏನೇನು ಸೇರುತ್ತದೆ ಅಂತಲೂ ಕೇಳಿ: ಹಾಸಿಗೆ ಬಟ್ಟೆ ಮತ್ತು ಟವೆಲ್, ಕೊನೇ ದಿನದ ಸ್ವಚ್ಛತೆ, ವಿದ್ಯುತ್, ಪ್ರವಾಸಿ ತೆರಿಗೆ. ಈ ತೆರಿಗೆ ತಲೆಗೆ, ರಾತ್ರಿಗೆ ಇಷ್ಟು ಅಂತ, ಹದಿನೆಂಟು ತುಂಬದವರಿಗೆ ಇಲ್ಲ. ಬಾಡಿಗೆ ಮನೆಯಲ್ಲಿ ಆಗುವ ಹಾನಿಯನ್ನು ಮಗನ ಡಚ್ ಹೊಣೆಗಾರಿಕೆ ವಿಮೆ ಭರಿಸುತ್ತದಾ ಅಂತ ವಿಮೆ ಕಂಪನಿಗೆ ಒಂದು ಫೋನ್ ಮಾಡಿ ಕೇಳಲಿ.

ಭದ್ರತಾ ಠೇವಣಿ ಬೇರೆ ಇರುತ್ತದೆ. ಬಾಗಿಲು ತೆಗೆದ ಕೂಡಲೇ, ಪೆಟ್ಟಿಗೆ ಬಿಚ್ಚುವ ಮೊದಲು, ಸೊಸೆ ಮೊಬೈಲಿನಲ್ಲಿ ಎಲ್ಲ ಕೋಣೆಗಳ ವಿಡಿಯೋ ಮಾಡಿಕೊಳ್ಳಲಿ. ಬಿರುಕು ಬಿಟ್ಟ ತಟ್ಟೆ, ಸುಟ್ಟ ಕಲೆ, ಮೀಟರ್ ಅಂಕಿ ಎಲ್ಲ ಅದರಲ್ಲಿ ಬರಲಿ. ಏನಾದರೂ ಮುರಿದಿದ್ದರೆ ಅದೇ ಸಂಜೆ ಮಾಲೀಕರಿಗೆ ಕಳಿಸಿ. ಹೊರಡುವ ದಿನ ಸಾಮಾನ್ಯವಾಗಿ ಬೆಳಿಗ್ಗೆ ಹತ್ತಕ್ಕೆ ಮನೆ ಖಾಲಿ ಮಾಡಬೇಕು. ಸ್ವಚ್ಛತೆಗೆ ದುಡ್ಡು ಕಟ್ಟಿದ್ದರೂ ಪಾತ್ರೆ ತೊಳೆದಿಟ್ಟು, ಫ್ರಿಜ್ ಖಾಲಿ ಮಾಡಿ, ಕಸವನ್ನು ರಸ್ತೆ ಬದಿಯ ಸಾರ್ವಜನಿಕ ತೊಟ್ಟಿಗೆ ಹಾಕಿ ಬರಬೇಕು. ಕೆಲವು ಕಡೆ ಆ ತೊಟ್ಟಿ ತೆರೆಯಲು ಕಾರ್ಡ್ ಬೇಕು, ಮಾಲೀಕರ ಹತ್ತಿರ ಇಸಿದುಕೊಳ್ಳಿ.

ಕೊನೆಗೆ ನಿಮ್ಮ ವೀಸಾ ಪ್ರಶ್ನೆ. ಮನೆ ಫ್ರಾನ್ಸ್‌ನಲ್ಲಿ ಅಂತ ಫ್ರಾನ್ಸ್‌ಗೆ ಅರ್ಜಿ ಹಾಕಬೇಡಿ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಕೊಡುವ ಷೆಂಗೆನ್ ನಿಯಮದಲ್ಲಿ ಜಾಸ್ತಿ ದಿನ ಇರುವ ದೇಶಕ್ಕೇ ಅರ್ಜಿ. ನೀವು ನಾಲ್ಕು ವಾರ ನೆದರ್‌ಲ್ಯಾಂಡ್ಸ್‌ನಲ್ಲಿ, ಒಂದು ವಾರ ಫ್ರಾನ್ಸ್‌ನಲ್ಲಿ. ಹಾಗಾಗಿ ನೆದರ್‌ಲ್ಯಾಂಡ್ಸ್‌ಗೇ ಹಾಕಿ, ಅದೇ ವೀಸಾ ಫ್ರಾನ್ಸ್‌ಗೂ ಸಾಕು. ತನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವ ನಮೂನೆಗೆ ಮಗ ಸಹಿ ಹಾಕಿ, ಅಲ್ಲಿನ ಪುರಸಭೆಯಲ್ಲಿ ದೃಢೀಕರಿಸಿ ಕಳಿಸಲಿ. ಫ್ರಾನ್ಸ್ ಮನೆಯ ಬುಕಿಂಗ್ ಪತ್ರವನ್ನೂ ಪ್ರವಾಸದ ವಿವರದ ಜೊತೆ ಇಡಿ, ಅದರಲ್ಲಿ ಎಂಟೂ ಜನರ ಹೆಸರು ಇರಲಿ. ಶುಲ್ಕ ದೊಡ್ಡವರಿಗೆ 90 ಯೂರೋ. ಪ್ರವಾಸ ವಿಮೆ ಕೊನೇ ಪಕ್ಷ 30,000 ಯೂರೋಗಳದ್ದು ಇರಬೇಕು. ನಿಮ್ಮ ವಯಸ್ಸಿಗೆ, ಮೊದಲೇ ಇರುವ ಕಾಯಿಲೆಗೂ ಅನ್ವಯಿಸುವ ವಿಮೆ ನೋಡಿ.

ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳು ಮೊದಲಿನಿಂದ ಹಾಕಬಹುದು. ಮೇ ಮೊದಲ ವಾರದ ಮನೆಗೆ ಹೀಗೆ ಮಾಡಿ. ಈ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮನೆ ಹುಡುಕಿ. ಮಾರ್ಚ್ ಕೊನೆಯ ತನಕ ಉಚಿತವಾಗಿ ರದ್ದು ಮಾಡಬಹುದಾದ ಮನೆ ಸಿಕ್ಕರೆ ಅದನ್ನೇ ಹಿಡಿಯಿರಿ, ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಅಂಥದ್ದು ಸಿಗದಿದ್ದರೆ ಆರ್ ಮುಂಗಡ ಇರುವ ಕರಾರು ಮಾಡಿಸಿ, ಹೋದರೆ ಹೋಗಲಿ ಅನ್ನಬಹುದಾದಷ್ಟು ಮಾತ್ರ ಕಟ್ಟಿ. ಜನವರಿಯಲ್ಲಿ ವೀಸಾ ಅರ್ಜಿ ಹಾಕಿ. ಪಾಸ್‌ಪೋರ್ಟ್ ವಾಪಸ್ ಕೈಗೆ ಬಂದ ಮೇಲೆ ಉಳಿದ ಬಾಡಿಗೆ ಕಟ್ಟಿ. ಬೀಗರಿಗೂ ಇದೇ ಕ್ರಮ ಹೇಳಿ, ನಾಲ್ವರೂ ಒಂದೇ ದಿನ ಅರ್ಜಿ ಹಾಕಿದರೆ ಕಾಗದ ಪತ್ರ ಹೊಂದಿಸುವುದೂ ಸುಲಭ.